ಸತ್ಯಕ್ಕೆ ತೆತ್ತ ಬೆಲೆ: ಅಮೆರಿಕದ ಕಾಂಗ್ರೆಸ್ಸಿನ ಅಭಯಾಧಿಕಾರ

ವಾಷಿಂಗ್ಟನ್ನಿನ ಕ್ಯಾಪಿಟಲ್ ಗುಡ್ಡದ ಮೇಲಿರುವ ರಸೆಲ್ ಭವನದ ಮೂರನೇ ಮಹಡಿಯಲ್ಲಿ ಒಂದು ಭವ್ಯ ಸಭಾಂಗಣವಿದೆ. ಅಮೃತಶಿಲೆಯ ಗೋಡೆಗಳು, ಕೊರಿಂಥಿಯನ್ ಶೈಲಿಯ ಉನ್ನತ ಸ್ತಂಭಗಳು, ಹೊನ್ನಿನ ಮೆರುಗಿನ ಚಾವಣಿ, ಅಲ್ಲಿಂದ ಇಳಿಬಿದ್ದ ಸ್ಫಟಿಕದ ತೂಗುದೀಪಗಳು. ಸೆನೆಟ್ಟಿನ ಕಾಕಸ್ ರೂಮ್ ಎಂದು ಹೆಸರಾದ ಈ ಕೋಣೆ 1912ರಲ್ಲಿ ಟೈಟಾನಿಕ್ ದುರಂತದ ವಿಚಾರಣೆಯನ್ನು ಕಂಡಿತು. 1954ರಲ್ಲಿ ಸೆನೆಟರ್ ಮೆಕಾರ್ಥಿಯ ಅಬ್ಬರ ಅಡಗಿದ್ದು ಇಲ್ಲಿಯೇ. 1973ರಲ್ಲಿ ಒಬ್ಬ ಅಧ್ಯಕ್ಷನ ಪತನಕ್ಕೆ ನಾಂದಿಯಾದ ವಾಟರ್‌ಗೇಟ್ ವಿಚಾರಣೆಯೂ ಇಲ್ಲಿಯೇ ನಡೆಯಿತು. 1987ರ ಜುಲೈ 7ರ ಬೆಳಿಗ್ಗೆ ಇದೇ ಕೋಣೆಯ ಸಾಕ್ಷಿಪೀಠದಲ್ಲಿ ಮರೀನ್ ಪಡೆಯ ಸಮವಸ್ತ್ರ ತೊಟ್ಟು, ಎದೆಯ ತುಂಬ ಪದಕಪಟ್ಟಿಗಳನ್ನು ಧರಿಸಿದ ಲೆಫ್ಟಿನೆಂಟ್ ಕರ್ನಲ್ ಆಲಿವರ್ ನಾರ್ತ್ ಬಲಗೈಯೆತ್ತಿ ಪ್ರಮಾಣ ಸ್ವೀಕರಿಸಿದರು. ಎದುರಿಗೆ ಹನ್ನೊಂದು ಸೆನೆಟರುಗಳು, ಹದಿನೈದು ಪ್ರತಿನಿಧಿಗಳು. ಹೊರಗೆ ಟೆಲಿವಿಷನ್ನಿನ ಮುಂದೆ ಇಡೀ ದೇಶ.

ಮುಂದಿನ ಆರು ದಿನಗಳ ಸಾಕ್ಷ್ಯದಲ್ಲಿ ನಾರ್ತ್ ನುಡಿದದ್ದನ್ನು ಸಾಮಾನ್ಯ ಆರೋಪಿಯೊಬ್ಬ ಕನಸಿನಲ್ಲಿಯೂ ಬಾಯಿಬಿಡಲಾರ. ದಾಖಲೆಗಳನ್ನು ಯಂತ್ರಕ್ಕೊಡ್ಡಿ ಚೂರುಚೂರು ಮಾಡಿದ್ದು, ಕಡತಗಳನ್ನು ತಿದ್ದಿದ್ದು, ಕಾಂಗ್ರೆಸ್ಸಿಗೆ ಸುಳ್ಳು ಹೇಳಿದ್ದು ಎಲ್ಲವನ್ನೂ ಅವರು ನಿರ್ಭೀತಿಯಿಂದ ಒಪ್ಪಿಕೊಂಡರು. ಆ ನಿರ್ಭೀತಿಗೆ ಕಾರಣ ಅವರ ಎದೆಗಾರಿಕೆಯೊಂದೇ ಅಲ್ಲ. ಆಡಿದ ಒಂದೊಂದು ಮಾತಿಗೂ ಕಾನೂನಿನ ಕಾವಲಿತ್ತು. ಆ ಮಾತುಗಳಲ್ಲಿ ಒಂದನ್ನೂ ಯಾವ ನ್ಯಾಯಾಲಯದಲ್ಲಿಯೂ ಅವರ ವಿರುದ್ಧ ಬಳಸುವಂತಿಲ್ಲ ಎಂಬ ಅಭಯವನ್ನು ಕಾಂಗ್ರೆಸ್ಸೇ ನೀಡಿತ್ತು. ಶಾಸನಸಭೆಯೊಂದು ಸತ್ಯವನ್ನು ಅರಿಯಲೆಂದು ಶಿಕ್ಷೆಯ ಸಾಧ್ಯತೆಯನ್ನೇ ಪಣಕ್ಕಿಡುವ ಈ ಅಧಿಕಾರ ಪ್ರಜಾಪ್ರಭುತ್ವದ ಇತಿಹಾಸದಲ್ಲಿ ಅತ್ಯಂತ ವಿಸ್ಮಯಕಾರಿಯಾದ ಉಪಕರಣಗಳಲ್ಲಿ ಒಂದು.

ಇದರ ಬೇರುಗಳು ಅಮೆರಿಕಕ್ಕಿಂತಲೂ ಹಳೆಯವು. ಹದಿನೇಳನೇ ಶತಮಾನದ ಲಂಡನ್ನಿನ ಸ್ಟಾರ್ ಚೇಂಬರ್ ನ್ಯಾಯಾಲಯದಲ್ಲಿ, ಏನು ಕೇಳಿದರೂ ಉತ್ತರಿಸುತ್ತೇನೆಂದು ಆರೋಪಿ ಮೊದಲೇ ಪ್ರಮಾಣ ಮಾಡಬೇಕಿತ್ತು. ಜಾನ್ ಲಿಲ್ಬರ್ನ್ ಎಂಬ ತರುಣ ಅದಕ್ಕೆ ಒಪ್ಪಲಿಲ್ಲ. 1638ರಲ್ಲಿ ಫ್ಲೀಟ್ ಸೆರೆಮನೆಯಿಂದ ವೆಸ್ಟ್‌ಮಿನ್‌ಸ್ಟರ್‌ವರೆಗೆ ಅವನನ್ನು ಬಂಡಿಯ ಹಿಂದೆ ಕಟ್ಟಿ, ದಾರಿಯುದ್ದಕ್ಕೂ ಚಾಟಿಯಿಂದ ಹೊಡೆಯುತ್ತ ನಡೆಸಲಾಯಿತು. ಆ ಕ್ರೌರ್ಯದ ನೆನಪು ಇಂಗ್ಲಿಷರ ಮನಸ್ಸಿನಿಂದ ಮಾಸಲಿಲ್ಲ. 1641ರಲ್ಲಿ ಸ್ಟಾರ್ ಚೇಂಬರ್ ರದ್ದಾಯಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ತತ್ತ್ವ ಕಾಲಕ್ರಮದಲ್ಲಿ ಬಲಗೊಂಡು, 1791ರಲ್ಲಿ ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯಲ್ಲಿ ಪ್ರತಿಷ್ಠಾಪಿತವಾಯಿತು.

ಹೀಗೆ ಮೌನದ ಹಕ್ಕು ಪವಿತ್ರವಾದಾಗ ಅದರ ಬೆನ್ನಿಗೇ ಒಂದು ಸಮಸ್ಯೆಯೂ ಹುಟ್ಟಿತು. ಲಂಚ, ಪಿತೂರಿ, ಭ್ರಷ್ಟಾಚಾರಗಳು ನಾಲ್ಕು ಗೋಡೆಗಳ ನಡುವೆ ನಡೆಯುವಂಥವು. ಅವುಗಳನ್ನು ಬಲ್ಲವರು ಅವುಗಳಲ್ಲಿ ಪಾಲ್ಗೊಂಡವರೇ. ಅವರೆಲ್ಲ ಮೌನ ತಾಳಿದರೆ ಸತ್ಯ ಹೊರಬರುವುದೆಂತು? 1725ರಲ್ಲಿಯೇ ಬ್ರಿಟಿಷ್ ಸಂಸತ್ತು ಇದಕ್ಕೊಂದು ಜಾಣ ಉತ್ತರ ಕಂಡುಕೊಂಡಿತ್ತು. ಲಾರ್ಡ್ ಚಾನ್ಸಲರ್ ಮ್ಯಾಕಲ್ಸ್‌ಫೀಲ್ಡ್ ನ್ಯಾಯಾಂಗದ ಹುದ್ದೆಗಳನ್ನೇ ಮಾರಿಕೊಂಡ ಆರೋಪಕ್ಕೆ ಗುರಿಯಾಗಿದ್ದ. ಹುದ್ದೆ ಮಾರುವುದರಂತೆ ಕೊಳ್ಳುವುದೂ ಅಪರಾಧವಾದ್ದರಿಂದ ಕೊಂಡವರು ಬಾಯಿಬಿಡುವಂತಿರಲಿಲ್ಲ. ಸಂಸತ್ತು ವಿಶೇಷ ಕಾಯ್ದೆಯ ಮೂಲಕ ಅವರಿಗೆ ಅಭಯವಿತ್ತಿತು. ಅವರು ಬಂದು ಸಾಕ್ಷಿ ನುಡಿದರು. ದೇಶದ ಅತ್ಯುನ್ನತ ನ್ಯಾಯಾಧಿಕಾರಿ ತಪ್ಪಿತಸ್ಥನೆಂದು ಸಾಬೀತಾಗಿ 30,000 ಪೌಂಡ್ ದಂಡ ತೆತ್ತ.

ಅಮೆರಿಕದ ಕಾಂಗ್ರೆಸ್ ಈ ಉಪಾಯವನ್ನು ಶಾಸನವಾಗಿಸಿದ್ದು 1857ರ ಜನವರಿಯಲ್ಲಿ. ಅದರ ಹಿನ್ನೆಲೆಯಲ್ಲಿದ್ದವನು ಒಬ್ಬ ಪತ್ರಕರ್ತ. ಪ್ರತಿನಿಧಿ ಸಭೆಯ ಕೆಲವು ಸದಸ್ಯರು ತಮ್ಮ ಮತಗಳನ್ನು ಮಾರಿಕೊಳ್ಳುತ್ತಿದ್ದಾರೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ಸಿಮಂಟನ್ ಆಪಾದಿಸಿದ್ದ. ಹೆಸರು ಹೇಳೆಂದರೆ, ವಿಶ್ವಾಸವಿಟ್ಟು ಹೇಳಿದ್ದನ್ನು ಬಹಿರಂಗಪಡಿಸಲಾರೆ ಎಂದು ಕೈಚೆಲ್ಲಿದ. ಸದನ ಅವನನ್ನು ಬಂಧನದಲ್ಲಿಟ್ಟಿತು, ತರಾತುರಿಯಲ್ಲಿ ಒಂದು ಕಾನೂನನ್ನೂ ಮಾಡಿತು. ಕಾಂಗ್ರೆಸ್ಸಿನ ಮುಂದೆ ಸಾಕ್ಷಿ ನುಡಿಯಲು ನಿರಾಕರಿಸುವುದು ಅಪರಾಧ ಎಂದಿತು ಅದು. ನುಡಿದವನಿಗೆ, ಆ ವಿಷಯದ ಬಗೆಗೆ ಮುಂದೆಂದೂ ಮೊಕದ್ದಮೆಯಿಲ್ಲ ಎಂದೂ ಭರವಸೆ ಕೊಟ್ಟಿತು. ತನಿಖೆಯ ಫಲವಾಗಿ ಮೂವರು ಸದಸ್ಯರು ರಾಜೀನಾಮೆ ಕೊಟ್ಟು ಹೊರನಡೆದರು.

ಆದರೆ ಆ ಕಾನೂನಿನ ಔದಾರ್ಯಕ್ಕೆ ಎಲ್ಲೆಯಿರಲಿಲ್ಲ. ಸಮಿತಿಯ ಎದುರು ಬಂದು ವಿಷಯವನ್ನು ಪ್ರಸ್ತಾಪಿಸಿದರೆ ಸಾಕು, ಆ ಪಾಪ ಪೂರ್ತಿ ಪರಿಹಾರವಾದಂತೆ. ಆಂತರಿಕ ಇಲಾಖೆಯಿಂದ ಮೂಲನಿವಾಸಿ ಬುಡಕಟ್ಟುಗಳ ನಿಧಿಗೆ ಸೇರಿದ ಬಾಂಡುಗಳು ಕಳವಾದ ಪ್ರಕರಣದಲ್ಲಿ, ಸಮಿತಿಯ ಮುಂದೆ ಸಾಕ್ಷಿ ಹೇಳಿದ್ದೇವೆಂಬ ನೆಪದಲ್ಲಿ ಆರೋಪಿಗಳು ಕಾನೂನಿನ ಕೈಯಿಂದ ನುಣುಚಿಕೊಂಡಾಗ ಕಾಂಗ್ರೆಸ್ ಎಚ್ಚೆತ್ತಿತು. 1862ರಲ್ಲಿ ರಕ್ಷಣೆಯನ್ನು ಮೊಟಕುಗೊಳಿಸಿ, ಆಡಿದ ಮಾತನ್ನು ಪುರಾವೆಯಾಗಿ ಬಳಸುವಂತಿಲ್ಲ ಎಂಬಷ್ಟಕ್ಕೆ ಸೀಮಿತಗೊಳಿಸಿತು. ಈಗ ಅದು ಅತಿ ಕಡಿಮೆಯಾಯಿತು. ಷಿಕಾಗೋದ ಧಾನ್ಯ ವರ್ತಕ ಚಾರ್ಲ್ಸ್ ಕೌನ್ಸೆಲ್‌ಮನ್ ರೈಲ್ವೆ ದರಗಳ ಕುರಿತ ಪ್ರಶ್ನೆಗಳಿಗೆ ಉತ್ತರಿಸಲು ಒಲ್ಲೆನೆಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1892ರಲ್ಲಿ ಒಂದು ತತ್ತ್ವವನ್ನು ಸಾರಿತು. ಸಾಕ್ಷಿಯ ಮಾತನ್ನು ನೇರವಾಗಿ ಬಳಸದಿದ್ದರೂ ಅದು ಕೊಟ್ಟ ಸುಳಿವಿನ ಜಾಡು ಹಿಡಿದು ಹೊಸ ಪುರಾವೆ ಕಲೆಹಾಕಬಹುದಲ್ಲ? ಅಂಥ ಅರೆಬರೆ ರಕ್ಷಣೆಯನ್ನು ತೋರಿಸಿ ಮೌನದ ಹಕ್ಕನ್ನು ಕಸಿಯುವಂತಿಲ್ಲ.

ಅಲ್ಲಿಂದ ಆರು ದಶಕಗಳ ಕಾಲ ಕಾಂಗ್ರೆಸ್ಸಿನ ಕೈಯಲ್ಲಿದ್ದುದು ಮೊಂಡು ಆಯುಧ. ಅದರ ಪರಿಣಾಮ ಕಣ್ಣಿಗೆ ಕಟ್ಟುವಂತೆ ತೋರಿಬಂದದ್ದು 1951ರಲ್ಲಿ, ಸೆನೆಟರ್ ಕೆಫಾವರ್ ನೇತೃತ್ವದ ಸಮಿತಿ ಸಂಘಟಿತ ಅಪರಾಧದ ವಿಚಾರಣೆಯನ್ನು ಟೆಲಿವಿಷನ್ನಿಗೆ ತಂದಾಗ. ನ್ಯೂಯಾರ್ಕಿನ ಭೂಗತ ನಾಯಕ ಫ್ರಾಂಕ್ ಕಾಸ್ಟೆಲೊ ತನ್ನ ಮುಖವನ್ನು ತೋರಿಸಕೂಡದೆಂದು ಪಟ್ಟುಹಿಡಿದ. ಕ್ಯಾಮೆರಾ ಅವನ ಕೈಗಳನ್ನಷ್ಟೇ ತೋರಿಸಿತು. ಚಡಪಡಿಸುವ, ಬೆರಳು ಹೊಸೆಯುವ ಆ ಕೈಗಳನ್ನು ದೇಶವೇ ಕಣ್ಣರಳಿಸಿ ನೋಡಿತು. ಮೆಕಾರ್ಥಿಯ ಯುಗದಲ್ಲಂತೂ ಐದನೇ ತಿದ್ದುಪಡಿಯ ಮೊರೆಹೊಕ್ಕವರೆಲ್ಲ ಕಮ್ಯುನಿಸ್ಟರೆಂದೇ ತೀರ್ಮಾನವಾಗುತ್ತಿತ್ತು. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಅಷ್ಟು ನಿರ್ದಯವಾಗಿ ಅನ್ವಯಿಸಿದ ಕಾಲ ಇನ್ನೊಂದಿಲ್ಲ. 1954ರಲ್ಲಿ ರಾಷ್ಟ್ರೀಯ ಭದ್ರತೆಯ ಪ್ರಕರಣಗಳಿಗೆ ಹೊಸ ಅಭಯ ಕಾಯ್ದೆ ಬಂತು. ಎರಡು ವರ್ಷಗಳ ತರುವಾಯ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತಾದರೂ, ಮೌನದ ಹಕ್ಕು ಕೇವಲ ಶಿಕ್ಷೆಯಿಂದ ಪಾರಾಗುವ ಸಾಧನವಲ್ಲ, ಅದು ಅಂತಃಸಾಕ್ಷಿಯ ಘನತೆಯ ಪ್ರಶ್ನೆ ಎಂದು ನ್ಯಾಯಮೂರ್ತಿ ಡಗ್ಲಸ್ ಭಿನ್ನಮತ ಬರೆದರು. ಸಹಚರರ ಹೆಸರು ಹೇಳೆಂದು ಬಲವಂತಕ್ಕೊಳಗಾದ ವ್ಯಕ್ತಿಗೆ ಸೆರೆಮನೆಯ ಭಯವಷ್ಟೇ ಇರುವುದಿಲ್ಲ. ಈ ದೃಷ್ಟಿಯಿಂದ ಡಗ್ಲಸ್ ಅವರ ಮಾತು ಇಂದಿಗೂ ತೂಕವುಳ್ಳದ್ದು.

ಇಂದು ಜಾರಿಯಲ್ಲಿರುವ ವ್ಯವಸ್ಥೆ ರೂಪುಗೊಂಡದ್ದು 1970ರ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯಿಂದ. ಅದರ ರಚನಾಕೌಶಲ ಮೆಚ್ಚತಕ್ಕದ್ದು. ಸಾಕ್ಷಿಯ ಮಾತನ್ನೂ, ಆ ಮಾತಿನ ಜಾಡಿನಿಂದ ದೊರೆತ ಯಾವುದನ್ನೂ ಅವನ ವಿರುದ್ಧ ಬಳಸುವಂತಿಲ್ಲ. ಆದರೆ ಸಂಪೂರ್ಣ ಸ್ವತಂತ್ರವಾದ ಮೂಲದಿಂದ ಪುರಾವೆ ದೊರೆತರೆ ಮೊಕದ್ದಮೆ ಹೂಡಲು ಅಡ್ಡಿಯಿಲ್ಲ. ಸುಳ್ಳು ಸಾಕ್ಷ್ಯ ನುಡಿದವನಿಗೆ ಯಾವ ರಕ್ಷಣೆಯೂ ಇಲ್ಲ. ಸಮಿತಿಯೊಂದು ಅಭಯ ನೀಡಬೇಕಾದರೆ ಅದರ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಮತ ಬೇಕು. ಇಡೀ ಸದನವೇ ನೀಡುವುದಾದರೆ ಹಾಜರಿದ್ದವರ ಬಹುಮತ ಸಾಕು. ಅಟಾರ್ನಿ ಜನರಲ್‌ಗೆ ಹತ್ತು ದಿನಗಳ ಮುಂಚೆ ಸೂಚನೆ ಕೊಡಬೇಕು. ಅವರು ಕೋರಿದರೆ ಮತ್ತೆ ಇಪ್ಪತ್ತು ದಿನ ಮುಂದೂಡಬಹುದು, ತಡೆಯುವಂತಿಲ್ಲ. ನಿಯಮಗಳೆಲ್ಲ ಪಾಲನೆಯಾಗಿದ್ದರೆ ನ್ಯಾಯಾಧೀಶರು ಆದೇಶ ಹೊರಡಿಸಲೇಬೇಕು. ಸಾಕ್ಷಿಪೀಠದಲ್ಲಿ ಕುಳಿತವನು ಮೊದಲು ತನ್ನ ಹಕ್ಕನ್ನು ಮುಂದಿಟ್ಟು ಉತ್ತರ ನಿರಾಕರಿಸುತ್ತಾನೆ. ಅಧ್ಯಕ್ಷತೆ ವಹಿಸಿದವರು ನ್ಯಾಯಾಲಯದ ಆದೇಶವನ್ನು ತಿಳಿಸುತ್ತಾರೆ. ಆ ಗಳಿಗೆಯಿಂದ ಮೌನದ ಬಾಗಿಲು ಮುಚ್ಚಿ, ರಕ್ಷಣೆಯ ಬಾಗಿಲು ತೆರೆಯುತ್ತದೆ. ಈ ಸೂತ್ರಕ್ಕೆ ಸುಪ್ರೀಂ ಕೋರ್ಟು 1972ರ ಕ್ಯಾಸ್ಟಿಗಾರ್ ತೀರ್ಪಿನಲ್ಲಿ ಮುದ್ರೆಯೊತ್ತಿತು. ಜತೆಗೊಂದು ಕಟ್ಟುನಿಟ್ಟು: ಪುರಾವೆ ಸ್ವತಂತ್ರ ಮೂಲದ್ದೆಂದು ಸಾಬೀತುಪಡಿಸುವ ಹೊಣೆ ಪೂರ್ತಿಯಾಗಿ ಸರ್ಕಾರದ್ದು. ಆ ಹೊಣೆಯ ಭಾರ ಎಷ್ಟೆಂಬುದು ಆಗ ಯಾರಿಗೂ ಅರಿವಾಗಿರಲಿಲ್ಲ.

ಮರುವರ್ಷವೇ ವಾಟರ್‌ಗೇಟ್ ಎದುರಾಯಿತು. ಅಧ್ಯಕ್ಷ ನಿಕ್ಸನ್ನರ ಕಾನೂನು ಸಲಹೆಗಾರರಾಗಿದ್ದ ಜಾನ್ ಡೀನ್ ಅವರಿಗೆ ಅಭಯ ನೀಡಲು ಸೆನೆಟರ್ ಸ್ಯಾಮ್ ಎರ್ವಿನ್ ಅವರ ಸಮಿತಿ ನಿರ್ಧರಿಸಿತು. ವಿಶೇಷ ಪ್ರಾಸಿಕ್ಯೂಟರ್ ಆರ್ಚಿಬಾಲ್ಡ್ ಕಾಕ್ಸ್, ಕನಿಷ್ಠಪಕ್ಷ ಟೆಲಿವಿಷನ್ ಪ್ರಸಾರವನ್ನಾದರೂ ತಡೆಯಿರೆಂದು ನ್ಯಾಯಾಧೀಶ ಸಿರಿಕಾ ಅವರ ಮೊರೆಹೊಕ್ಕರು. ಸಮಿತಿಯ ನಿರ್ಧಾರದ ಯುಕ್ತಾಯುಕ್ತತೆಯನ್ನು ವಿಮರ್ಶಿಸುವ ಅಧಿಕಾರ ತಮಗಿಲ್ಲವೆಂದು ಸಿರಿಕಾ 1973ರ ಜೂನ್ 12ರಂದು ತೀರ್ಪಿತ್ತರು. ಜೂನ್ 25ರಂದು ಡೀನ್ ತಮ್ಮ 245 ಪುಟಗಳ ಹೇಳಿಕೆಯನ್ನು ಏರಿಳಿತವಿಲ್ಲದ ದನಿಯಲ್ಲಿ ಓದತೊಡಗಿದರು. ಅದನ್ನು ಮುಗಿಸುವ ಹೊತ್ತಿಗೆ ದಿನವೇ ಮುಗಿದಿತ್ತು. ಪ್ರಕರಣವನ್ನು ಮುಚ್ಚಿಹಾಕುವ ಯತ್ನದಲ್ಲಿ ಸ್ವತಃ ಅಧ್ಯಕ್ಷರೇ ಭಾಗಿ ಎಂಬ ಆಪಾದನೆ ಮೊಟ್ಟಮೊದಲ ಬಾರಿಗೆ ಪ್ರಮಾಣಪೂರ್ವಕವಾಗಿ ದೇಶದ ಮುಂದೆ ಬಂತು.

ಆ ಸಾಕ್ಷ್ಯದ ನಿಜವಾದ ಫಲ ಕೈಗೂಡಿದ್ದು ಮೂರು ವಾರಗಳ ತರುವಾಯ. ಅಧ್ಯಕ್ಷರೊಡನೆ ನಡೆದ ಒಂದು ಸಂಭಾಷಣೆ ಧ್ವನಿಮುದ್ರಣಗೊಂಡಿರಬಹುದೆಂಬ ಗುಮಾನಿಯನ್ನು ಡೀನ್ ಸಾಂದರ್ಭಿಕವಾಗಿ ವ್ಯಕ್ತಪಡಿಸಿದ್ದರು. ಸಮಿತಿಯ ಅಲ್ಪಪಕ್ಷದ ವಕೀಲ ಡೊನಾಲ್ಡ್ ಸ್ಯಾಂಡರ್ಸ್ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಜುಲೈ 13ರಂದು ಶ್ವೇತಭವನದ ಮಾಜಿ ಅಧಿಕಾರಿ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅವರನ್ನು ಖಾಸಗಿಯಾಗಿ ವಿಚಾರಿಸುವಾಗ, ಡೀನ್ ಹೀಗೆಂದಿದ್ದಾರಲ್ಲ, ಅದಕ್ಕೆ ಆಧಾರವೇನಾದರೂ ಉಂಟೇ ಎಂದು ಕೇಳಿದರು. ಬಟರ್‌ಫೀಲ್ಡ್ ಸತ್ಯ ನುಡಿದರು. ಮೂರು ದಿನಗಳ ನಂತರ ಅಧ್ಯಕ್ಷರ ಕಚೇರಿಯ ಗುಪ್ತ ಧ್ವನಿಮುದ್ರಣ ವ್ಯವಸ್ಥೆಯ ವಿಚಾರ ಜಗಜ್ಜಾಹೀರಾಯಿತು. ಆ ಟೇಪುಗಳೇ 1974ರ ಆಗಸ್ಟ್ 9ರಂದು ನಿಕ್ಸನ್ನರನ್ನು ಪದವಿಯಿಂದಿಳಿಸಿದವು. ಇತ್ತ ಡೀನ್ ಅವರ ವಿರುದ್ಧ ಅದುವರೆಗೆ ಸಂಗ್ರಹಿಸಿದ್ದ ಪುರಾವೆಗಳನ್ನು ಪ್ರಾಸಿಕ್ಯೂಟರುಗಳು ಸಾಕ್ಷ್ಯಕ್ಕೆ ಮುಂಚೆಯೇ ಮೊಹರು ಮಾಡಿ ನ್ಯಾಯಾಲಯಕ್ಕೊಪ್ಪಿಸಿದ್ದರು. ಅಕ್ಟೋಬರಿನಲ್ಲಿ ಡೀನ್ ತಾವಾಗಿಯೇ ತಪ್ಪೊಪ್ಪಿಕೊಂಡು ಮುಂದೆ ನಾಲ್ಕು ತಿಂಗಳು ಬಂಧನದಲ್ಲಿದ್ದರು. ಸತ್ಯವೂ ಸಿಕ್ಕಿತು, ಶಿಕ್ಷೆಯೂ ಆಯಿತು. ಈ ಅಧಿಕಾರದ ಚರಿತ್ರೆಯಲ್ಲಿ ಇದಕ್ಕಿಂತ ಉಜ್ವಲವಾದ ಅಧ್ಯಾಯವಿಲ್ಲ.

ಹದಿನಾಲ್ಕು ವರ್ಷಗಳ ತರುವಾಯ ನಾರ್ತ್ ಪ್ರಕರಣ ಬಂದಾಗ ಕಾಂಗ್ರೆಸ್ಸಿನ ನಾಯಕರ ಕಣ್ಣ ಮುಂದಿದ್ದುದು ಇದೇ ಯಶಸ್ಸು. ಇರಾನಿಗೆ ಗುಪ್ತವಾಗಿ ಶಸ್ತ್ರಾಸ್ತ್ರ ಮಾರಿ, ಬಂದ ಲಾಭವನ್ನು ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಹರಿಸಿದ ಹಗರಣವದು. ಅಧ್ಯಕ್ಷ ರೇಗನ್ನರಿಗೆ ಇದು ತಿಳಿದಿತ್ತೇ ಎಂಬುದೇ ದೇಶವನ್ನು ಕಾಡುತ್ತಿದ್ದ ಪ್ರಶ್ನೆ. ಅದನ್ನು ಬಲ್ಲವರು ಇಬ್ಬರು: ನಾರ್ತ್ ಮತ್ತು ಅವರ ಮೇಲಧಿಕಾರಿ ಅಡ್ಮಿರಲ್ ಪಾಯಿಂಡೆಕ್ಸ್ಟರ್. ಸ್ವತಂತ್ರ ಪ್ರಾಸಿಕ್ಯೂಟರ್ ಲಾರೆನ್ಸ್ ವಾಲ್ಷ್ ಅಭಯ ಬೇಡವೆಂದು ಸಮಿತಿಗಳನ್ನು ಒತ್ತಾಯಿಸಿದರು. ಆದರೆ ಮೊಕದ್ದಮೆಯೇ ಹಾಳಾದರೂ ಸಾಕ್ಷ್ಯ ಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಕಾಂಗ್ರೆಸ್ಸಿಗೇ ಸೇರಿದ್ದು, ಅದು ಪರಮ ಮಹತ್ತ್ವದ ರಾಜಕೀಯ ನಿರ್ಧಾರ ಎಂದು ಅವರೇ ಒಪ್ಪಿದ್ದರು. ತನ್ನ ವೃತ್ತಿಜೀವನದ ಅತಿದೊಡ್ಡ ಮೊಕದ್ದಮೆ ಕೈಜಾರುವ ಅಪಾಯವನ್ನು ಎದುರಿಸುತ್ತಿದ್ದವನ ಬಾಯಿಂದ ಬಂದ ಆ ಒಪ್ಪಿಗೆಯಲ್ಲಿ ಸಂವಿಧಾನದ ಮೇಲಿನ ಗೌರವ ಎದ್ದು ಕಾಣುತ್ತದೆ.

ಆಮೇಲೆ ವಾಲ್ಷ್ ಮಾಡಿದ್ದು ಅಸಿಧಾರಾವ್ರತ. ನಾರ್ತ್ ಸಾಕ್ಷಿ ನುಡಿಯುವ ಮೊದಲೇ ಕೈಲಿದ್ದ ಪುರಾವೆಗಳನ್ನೆಲ್ಲ ನ್ಯಾಯಾಲಯದಲ್ಲಿ ಮೊಹರು ಮಾಡಿಟ್ಟರು. ಇಡೀ ಅಮೆರಿಕ ನಾರ್ತ್ ಅವರನ್ನು ನೋಡುತ್ತಿದ್ದಾಗ ವಾಲ್ಷ್ ಅವರ ವಕೀಲರು ಟಿವಿ ಹಾಕುವಂತಿರಲಿಲ್ಲ, ರೇಡಿಯೊ ಕೇಳುವಂತಿರಲಿಲ್ಲ. ಪತ್ರಿಕೆಗಳಲ್ಲಿ ಆ ಸುದ್ದಿಯನ್ನು ತೆಗೆದುಹಾಕಿ ಉಳಿದದ್ದನ್ನಷ್ಟೇ ಅವರಿಗೆ ಕೊಡಲಾಗುತ್ತಿತ್ತು. ಅಪ್ಪಿತಪ್ಪಿ ಕಿವಿಗೆ ಬಿದ್ದರೆ ಅದನ್ನೂ ಬರೆದು ವರದಿ ಮಾಡಬೇಕಿತ್ತು. ನ್ಯಾಯಾಧೀಶ ಗೆಸೆಲ್ ಅವರು ಜ್ಯೂರಿಯನ್ನು ಆರಿಸುವಾಗ, ನಾರ್ತ್ ಸಾಕ್ಷ್ಯವನ್ನು ಅನುಸರಿಸಿದವರನ್ನೆಲ್ಲ ಕೈಬಿಟ್ಟರು. 1989ರ ಮೇ 4ರಂದು ಹನ್ನೆರಡು ಆರೋಪಗಳಲ್ಲಿ ಮೂರು ಸಾಬೀತಾದವು: ಕಾಂಗ್ರೆಸ್ಸಿನ ತನಿಖೆಗೆ ಅಡ್ಡಿಪಡಿಸಲು ನೆರವಾದದ್ದು, ದಾಖಲೆಗಳ ನಾಶ, ಮನೆಯ ಭದ್ರತಾ ವ್ಯವಸ್ಥೆಯನ್ನು ಅಕ್ರಮ ಉಡುಗೊರೆಯಾಗಿ ಪಡೆದದ್ದು. 1,50,000 ಡಾಲರ್ ದಂಡ, 1,200 ಗಂಟೆಗಳ ಸಮುದಾಯ ಸೇವೆ, ಅಮಾನತುಗೊಳಿಸಿದ ಮೂರು ವರ್ಷಗಳ ಸೆರೆವಾಸ.

ಇಷ್ಟೆಲ್ಲ ಎಚ್ಚರಿಕೆಯ ನಡುವೆ ಒಂದು ಬಿರುಕು ಉಳಿದಿತ್ತು. ವಕೀಲರು ಟಿವಿ ನೋಡಿರಲಿಲ್ಲ, ಆದರೆ ಅವರು ಕರೆತಂದ ಸಾಕ್ಷಿಗಳು ನೋಡಿದ್ದರು! ನಾರ್ತ್ ಮಾತು ಕೇಳಿದ ಮೇಲೆ ಆ ಸಾಕ್ಷಿಗಳ ನೆನಪು ಶುದ್ಧವಾಗಿ ಅವರದೇ ಆಗಿ ಉಳಿದಿತ್ತೇ? ಹೆಪ್ಪು ಬಿದ್ದ ಹಾಲಿನಿಂದ ಮಜ್ಜಿಗೆಯ ಹನಿಯನ್ನು ಬೇರ್ಪಡಿಸಿ ತೋರಿಸೆಂದರೆ ತೋರಿಸುವವರಾರು? 1990ರ ಜುಲೈ 20ರಂದು ಕೊಲಂಬಿಯಾ ಜಿಲ್ಲೆಯ ಮೇಲ್ಮನವಿ ನ್ಯಾಯಾಲಯ ಅದನ್ನೇ ಕೇಳಿತು. ಪ್ರತಿಯೊಬ್ಬ ಸಾಕ್ಷಿಯ ಹೇಳಿಕೆಯನ್ನೂ, ಅಗತ್ಯವಾದರೆ ಸಾಲುಸಾಲಾಗಿ ಪರಿಶೀಲಿಸಿ, ಅದರಲ್ಲಿ ನಾರ್ತ್ ಸಾಕ್ಷ್ಯದ ಸೋಂಕಿಲ್ಲವೆಂದು ಸರ್ಕಾರ ರುಜುವಾತುಪಡಿಸಬೇಕು ಎಂದಿತು. ಮುಖ್ಯ ನ್ಯಾಯಾಧೀಶೆ ಪೆಟ್ರೀಷಿಯಾ ವಾಲ್ಡ್ ಭಿನ್ನಮತ ತಳೆದರು. 1991ರ ಸೆಪ್ಟೆಂಬರಿನಲ್ಲಿ ಮಾಜಿ ರಾಷ್ಟ್ರೀಯ ಭದ್ರತಾ ಸಲಹೆಗಾರ ರಾಬರ್ಟ್ ಮೆಕ್‌ಫಾರ್ಲೇನ್, ನಾರ್ತ್ ಅವರನ್ನು ಟಿವಿಯಲ್ಲಿ ಕಂಡದ್ದು ತಮ್ಮ ಸಾಕ್ಷ್ಯದ ಮೇಲೆ ಪ್ರಭಾವ ಬೀರಿತ್ತೆಂದು ನುಡಿದೊಡನೆ ಮೊಕದ್ದಮೆ ಕುಸಿಯಿತು. ಐದು ಆರೋಪಗಳಲ್ಲಿ ದೋಷಿಯಾಗಿದ್ದ ಪಾಯಿಂಡೆಕ್ಸ್ಟರ್ ಅವರ ಶಿಕ್ಷೆಯೂ ಅದೇ ನವೆಂಬರಿನಲ್ಲಿ ರದ್ದಾಯಿತು.

ಕಾಂಗ್ರೆಸ್ ತಪ್ಪು ಮಾಡಿತೇ? ಅನೇಕ ನ್ಯಾಯವೇತ್ತರು ಹೌದೆನ್ನುತ್ತಾರೆ. ಆದರೆ ಸಮಿತಿಗಳು ಅಭಯ ನೀಡದೆ ಮೊಕದ್ದಮೆ ಮುಗಿಯುವವರೆಗೆ ಕಾದಿದ್ದರೆ, ಅಧ್ಯಕ್ಷರ ಪದವಿಯ ಅವಧಿಯೇ ಮುಗಿದಿರುತ್ತಿತ್ತು. ರೇಗನ್ 1989ರ ಜನವರಿಯಲ್ಲಿ ನಿರ್ಗಮಿಸಿದರು, ನಾರ್ತ್ ತೀರ್ಪು ಬಂದದ್ದು ಮೇ ತಿಂಗಳಿನಲ್ಲಿ. ಅಧಿಕಾರದಲ್ಲಿರುವ ಅಧ್ಯಕ್ಷ ಏನು ಬಲ್ಲ ಎಂಬುದನ್ನು ಅವನು ಅಧಿಕಾರದಲ್ಲಿರುವಾಗಲೇ ಪ್ರಜೆಗಳು ತಿಳಿಯಬೇಕು. ಆ ದೃಷ್ಟಿಯಿಂದ 1987ರ ಬೇಸಿಗೆಯ ನಿರ್ಧಾರ ದುಬಾರಿಯಾಗಿತ್ತು, ಆದರೂ ಸಮರ್ಥನೀಯವಾಗಿತ್ತು. ದೋಷವಿದ್ದದ್ದು ಅಭಯ ನೀಡಿದ್ದರಲ್ಲಿ ಅಲ್ಲ, ಅದರ ನಿಜವಾದ ಬೆಲೆಯೇನೆಂದು ದೇಶಕ್ಕೆ ಮೊದಲೇ ಬಿಡಿಸಿ ಹೇಳದಿದ್ದುದರಲ್ಲಿ.

ಭಾರತೀಯ ಓದುಗರಿಗೆ ಈ ತತ್ತ್ವ ಅಪರಿಚಿತವಲ್ಲ. ನಮ್ಮ ಸಂವಿಧಾನದ 20(3)ನೇ ಅನುಚ್ಛೇದ ಆರೋಪಿಗೆ ಇದೇ ರಕ್ಷಣೆಯನ್ನು ನೀಡಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ ಈ ಹಕ್ಕಿಗೆ ವಿರುದ್ಧವೆಂದು ಸಾರಿದ ಐತಿಹಾಸಿಕ ತೀರ್ಪಿನಲ್ಲಿ ಅಮೆರಿಕದ ಐದನೇ ತಿದ್ದುಪಡಿಯ ಚರ್ಚೆಯೂ ಇದೆ. ಬಲವಂತದಿಂದ ಪಡೆದ ಉತ್ತರವನ್ನು ಸಾಕ್ಷಿಯ ವಿರುದ್ಧ ಬಳಸಬಾರದೆಂಬ ನಿಯಮ ನಮ್ಮ 1872ರ ಸಾಕ್ಷ್ಯ ಅಧಿನಿಯಮದ 132ನೇ ಪ್ರಕರಣದಲ್ಲಿತ್ತು, ಕ್ಯಾಸ್ಟಿಗಾರ್ ತೀರ್ಪಿಗಿಂತ ಸರಿಯಾಗಿ ನೂರು ವರ್ಷ ಮುಂಚೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಆಯೋಗದ ಮುಂದೆ ನುಡಿದ ಮಾತಿಗೆ ಮತದಾನವಿಲ್ಲದೆಯೇ ರಕ್ಷಣೆ ದೊರೆಯುತ್ತದೆ. ಅಮೆರಿಕದ ವೈಶಿಷ್ಟ್ಯವೆಂದರೆ, ಅಲ್ಲಿ ಪ್ರತಿಯೊಂದು ಅಭಯಕ್ಕೂ ಜನಪ್ರತಿನಿಧಿಗಳು ಬಹಿರಂಗವಾಗಿ ಹೊಣೆ ಹೊರಬೇಕು.

ನಾರ್ತ್ ತೀರ್ಪಿನ ನಂತರ ಸಮಿತಿಗಳು ಈ ಅಸ್ತ್ರವನ್ನು ಹಿಂದುಮುಂದು ನೋಡಿಯೇ ಕೈಗೆತ್ತಿಕೊಳ್ಳುತ್ತವೆ. 2007ರಲ್ಲಿ ಸರ್ಕಾರಿ ಅಟಾರ್ನಿಗಳ ಸಾಮೂಹಿಕ ವಜಾ ವಿವಾದವೆದ್ದಾಗ ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ 32–6 ಮತಗಳಿಂದ ನ್ಯಾಯ ಇಲಾಖೆಯ ಮಾಜಿ ಅಧಿಕಾರಿ ಮೋನಿಕಾ ಗುಡ್ಲಿಂಗ್ ಅವರಿಗೆ ಅಭಯ ನೀಡಿತು. ಎರಡೂ ಪಕ್ಷಗಳ ಬೆಂಬಲವಿಲ್ಲದೆ ಆ ಸಂಖ್ಯೆ ಸಾಧ್ಯವಿರಲಿಲ್ಲ. ಹುದ್ದೆಗಳ ಆಯ್ಕೆಯಲ್ಲಿ ರಾಜಕೀಯ ನಿಷ್ಠೆಯನ್ನು ಪರಿಗಣಿಸಿ ಎಲ್ಲೆ ಮೀರಿದ್ದಾಗಿ ಗುಡ್ಲಿಂಗ್ ಮೇ 23ರಂದು ಒಪ್ಪಿಕೊಂಡರು. ಆಗಸ್ಟಿನಲ್ಲಿ ಅಟಾರ್ನಿ ಜನರಲ್ ಗೊನ್ಸಾಲೆಸ್ ರಾಜೀನಾಮೆ ಪ್ರಕಟಿಸಿದರು. 2017ರಲ್ಲಿ ಮಾಜಿ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕೆಲ್ ಫ್ಲಿನ್ ಅಭಯ ಕೊಟ್ಟರೆ ಮಾತಾಡುತ್ತೇನೆಂದಾಗ ಸೆನೆಟ್ ಗುಪ್ತಚರ ಸಮಿತಿ ಒಪ್ಪಲಿಲ್ಲ. 2025ರ ಜುಲೈನಲ್ಲಿ, ಎಪ್‌ಸ್ಟೀನ್ ಪ್ರಕರಣದಲ್ಲಿ ಇಪ್ಪತ್ತು ವರ್ಷಗಳ ಶಿಕ್ಷೆ ಅನುಭವಿಸುತ್ತಿರುವ ಗಿಲೇನ್ ಮ್ಯಾಕ್ಸ್‌ವೆಲ್ ಅವರ ವಕೀಲರು ಇದೇ ಬೇಡಿಕೆಯಿಟ್ಟಾಗ ಪ್ರತಿನಿಧಿ ಸಭೆಯ ಮೇಲ್ವಿಚಾರಣಾ ಸಮಿತಿ ಅದನ್ನು ಪರಿಗಣಿಸುವುದಿಲ್ಲವೆಂದು ತಕ್ಷಣವೇ ಸ್ಪಷ್ಟಪಡಿಸಿತು.

ಸಿಮಂಟನ್‌ನ ಕಾಲದ ಶಾಸನದ ಇನ್ನರ್ಧ ಮಾತ್ರ ಇಂದಿಗೂ ಹರಿತವಾಗಿದೆ. ಕಾಂಗ್ರೆಸ್ಸಿನ ಕರೆಯನ್ನು ಧಿಕ್ಕರಿಸುವುದು ಅಪರಾಧವೆಂದು 1857ರಲ್ಲಿ ಬರೆದ ಆ ನಿಯಮದಡಿಯಲ್ಲಿಯೇ ಅಧ್ಯಕ್ಷ ಟ್ರಂಪ್ ಅವರ ಮೊದಲ ಅವಧಿಯ ಇಬ್ಬರು ಸಲಹೆಗಾರರು, ಪೀಟರ್ ನವಾರೊ ಮತ್ತು ಸ್ಟೀವ್ ಬ್ಯಾನನ್, ತಲಾ ನಾಲ್ಕು ತಿಂಗಳ ಶಿಕ್ಷೆಗೆ ಗುರಿಯಾಗಿ 2024ರಲ್ಲಿ ಸೆರೆಮನೆ ಕಂಡರು.